ಎಡಗೈಯ ಸದ್ದು

ನಗುವವರು ಈಗಲೇ ನಕ್ಕು ಮುಗಿಸಿಬಿಡಿ. ನಡುವೆ ನಕ್ಕರೆ ನಾನು ಎದ್ದು ಹೋಗುತ್ತೇನೆ. ಯಾಕೆಂದರೆ ಇದು ಕಟ್ಟುಕತೆಯಲ್ಲ. ತೆಲುಗು ನಾಡಿನ ಕಡಲಂಚಿನ ನಮ್ಮ ಉದ್ದಾನದ ಸೀಮೆಯಲ್ಲಿ, ನೇರಳಪುಟ್ಟುಗ ಎಂಬ ಊರಿನ ದಿಲ್ಲೇಶನ ಮನೆಯಲ್ಲಿ ನಡೆದದ್ದು. ಆ ರಾತ್ರಿ ಆ ಮನೆಯವರನ್ನು ಆಟೋದಲ್ಲಿ ಕೂರಿಸಿಕೊಂಡು ಹೋದ ಜೋಗಾರಾವು ನನ್ನ ಷಡ್ಡಕ. ಬೇರೆ ವಿಷಯದಲ್ಲಿ ಅವನು ಒಂದಕ್ಕೆ ಹತ್ತು ಸೇರಿಸುವವನೇ. ಈ ವಿಷಯದಲ್ಲಿ ಮಾತ್ರ ಕಂಠಪೂರ್ತಿ ಕುಡಿದಾಗಲೂ ಒಂದಕ್ಷರ ಆಚೀಚೆ ಹೇಳಿದವನಲ್ಲ.

ದಿಲ್ಲೇಶ ತೆಂಗಿನಕಾಯಿ ಸುಲಿಯುವ ಆಳು. ಅವತ್ತು ಮಂಡಿಯಲ್ಲಿ ಲಾರಿ ತುಂಬುವುದು ತಡವಾಯಿತು. ಮನೆಗೆ ಹೊರಟಾಗ ಊರು ಮಲಗಿತ್ತು. ಗೋಡಂಬಿ ತೋಪಿನೊಳಗೆ ಒಣಗಿದೆಲೆ ಕಾಲಡಿಯಲ್ಲಿ ಚರಕ್... ಚರಕ್... ತೋಪು ದಾಟಿದರೆ ಕೂರ್ಮಮ್ಮನ ಮನೆ. ಬೀಗ ಹಾಕಿತ್ತು. ಮನೆಯ ಮುಂದೆ ಬಾವಿ.

ಆ ಬಾವಿಯ ನೀರನ್ನು ಯಾರೂ ಸೇದುತ್ತಿರಲಿಲ್ಲ. ನಮ್ಮ ಕಡೆ ಕಿಡ್ನಿ ಹೋಗದ ಮನೆ ಹುಡುಕಬೇಕು. ನೀರಿನ ದೋಷ ಅನ್ನುವವರುಂಟು, ಮಣ್ಣಿನದು ಅನ್ನುವವರುಂಟು, ಬಿಸಿಲಲ್ಲಿ ದುಡಿದದ್ದಕ್ಕೆ ಅನ್ನುವವರೂ ಉಂಟು. ಕೂರ್ಮಮ್ಮನಿಗೂ ಅದೇ ಕಾಯಿಲೆ. ಎರಡು ತಿಂಗಳ ಹಿಂದೆ ಇದೇ ಬಾವಿಕಟ್ಟೆಗೆ ಒರಗಿ ಕೂತ ಹಾಗೇ ಸತ್ತುಹೋಗಿದ್ದಳು. ಪಕ್ಕದಲ್ಲಿ ಖಾಲಿ ಕೊಡ. ಊರವರು ಹಗ್ಗ ಬಿಚ್ಚಿ ಸುಟ್ಟರು. ಕಬ್ಬಿಣದ ರಾಟೆಯೊಂದು ಮೇಲೆ ಹಾಗೇ ಉಳಿಯಿತು.

ದಿಲ್ಲೇಶ ಬಾವಿಯ ಪಕ್ಕಕ್ಕೆ ಬಂದ. ಆಗ...

ಕಿರ್ರ್... ಕಿರ್ರ್...

ರಾಟೆ ತಿರುಗುವ ಸದ್ದು. ನಿಂತ. ಸದ್ದೂ ನಿಂತಿತು. ಕೆಳಗೆ, ತುಂಬಾ ಕೆಳಗೆ, ಬುಳುಕ್ ಎಂದು ಕೊಡ ಮುಳುಗಿದ ಹಾಗೆ. ಮತ್ತೆ ಕಿರ್ರ್... ಕಿರ್ರ್... ಗಾಳಿಯಿರಬೇಕು ಅಂದುಕೊಂಡ. ಗಾಳಿಗೆ ತಿರುಗಲು ಅದೇನು ಮಕ್ಕಳ ಗಿರಿಗಟ್ಟಲೆಯೇ? ತೆಂಗಿನ ಗರಿ ಒಂದೂ ಅಲುಗುತ್ತಿರಲಿಲ್ಲ.

ಹೆಜ್ಜೆ ಕಿತ್ತಿಟ್ಟ. ಹಿಂದಿನಿಂದ, ಕಿವಿಯ ಹತ್ತಿರ, ಪಿಸುಮಾತು.

"ಸದ್ದು ಕೇಳಿಸ್ಕೊಂಡ್ಯೇನೋ, ನಾಯನಾ?"

ನಾಯನಾ, ಅಂದರೆ ಮಗನೇ ಎಂದು ಕರೆದು ಈ ಮಾತನ್ನು ಊರಲ್ಲಿ ಒಬ್ಬಳೇ ಕೇಳುತ್ತಿದ್ದದ್ದು. ಕೂರ್ಮಮ್ಮ. ಬದುಕಿದ್ದಷ್ಟು ದಿನ ದಿಲ್ಲೇಶನನ್ನು ಕಂಡಾಗೆಲ್ಲ ಮೊದಲು ಇದನ್ನೇ ಕೇಳಿ, ಆಮೇಲೆ ಉಂಡೆಯಾ ಎಂದು ಕೇಳುತ್ತಿದ್ದಳು.

ಯಾವ ಸದ್ದು ಎಂದರೆ, ಅವನ ಹೆಂಡತಿ ಚಾಮಂತಿಯ ಎಡಗೈಯ ಸದ್ದು.

ಚಾಮಂತಿಯ ಎರಡೂ ಕಿಡ್ನಿ ಹೋಗಿದ್ದವು. ದಿನ ಬಿಟ್ಟು ದಿನ ಪಟ್ಟಣದ ಆಸ್ಪತ್ರೆಗೆ ಹೋಗಿ ಮಿಷನ್ನಿಗೆ ಕೈಕೊಟ್ಟು ಮಲಗಬೇಕು. ಮಿಷನ್ನು ರಕ್ತ ಎಳೆದುಕೊಂಡು ತೊಳೆದು ವಾಪಸ್ಸು ಕೊಡುತ್ತದೆ. ಅಷ್ಟು ರಕ್ತ ಬರಲೆಂದು ಡಾಕ್ಟರು ಕೈಯ ಎರಡು ನಾಳಗಳನ್ನು ಜೋಡಿಸಿ ಹೊಲಿದಿದ್ದರು. ಮೊದಲು ಮಣಿಕಟ್ಟಿನಲ್ಲಿ ಮಾಡಿದ್ದು ಮುಚ್ಚಿಹೋಯಿತು. ಕುತ್ತಿಗೆಗೆ ನಳಿಕೆ ಹಾಕಿದರು, ಅದಕ್ಕೆ ನಂಜೇರಿ ಜ್ವರ ಬಂದು ಸಾವಿನ ಬಾಗಿಲು ತಟ್ಟಿ ಬಂದಳು. ಈಗಿನದು ಮೊಣಕೈಯ ಮಡಿಕೆಯಲ್ಲಿ. "ಬಲಗೈ ನಾಳ ದಾರದಷ್ಟು ಸಣ್ಣ. ಇದೂ ಮುಚ್ಚಿದ್ರೆ..." ಎಂದು ಡಾಕ್ಟರು ಮಾತು ಮುಗಿಸದೆ ಗೋಡೆ ನೋಡಿದ್ದರು.

ಆ ಜೋಡಣೆಯ ಮೇಲೆ ಕಿವಿ ಇಟ್ಟರೆ ಒಳಗೆ ಝುಂಯ್... ಝುಂಯ್... ಎಂದು ಕೇಳುತ್ತದೆ. ಬಿದಿರ ತೂತಿನೊಳಗೆ ದುಂಬಿ ಸಿಕ್ಕಿಕೊಂಡ ಹಾಗೆ. ಸದ್ದಿದ್ದರೆ ರಕ್ತ ಹರಿಯುತ್ತಿದೆ. ಸದ್ದು ನಿಂತರೆ ಕೈ ಸತ್ತ ಹಾಗೆ. ಕೈ ಸತ್ತರೆ ಮಿಷನ್ನಿಲ್ಲ, ಮಿಷನ್ನಿಲ್ಲದಿದ್ದರೆ ಚಾಮಂತಿ ಇಲ್ಲ.

ಇದನ್ನೆಲ್ಲ ಅವರ ತಲೆಗೆ ತುಂಬಿದವಳು ಕೂರ್ಮಮ್ಮ. ಬಹಳ ವರ್ಷ ಮಿಷನ್ನಿಗೆ ಹೋಗಿ ಬಂದ ಹೆಂಗಸು. ಆಸ್ಪತ್ರೆಯ ಸಿಸ್ಟರು ಹೇಳಿದ್ದನ್ನು ಸಿಸ್ಟರಿಗಿಂತ ಜೋರಾಗಿ ಹೇಳುವಳು. ಎಡಗೈಯಲ್ಲಿ ಕೊಡ ಎತ್ತಬೇಡ. ಆ ಕೈ ಮಡಚಿ ಮಲಗಬೇಡ. ಅದಕ್ಕೆ ಸೂಜಿ ಚುಚ್ಚಲು, ಬೀಪಿ ಪಟ್ಟಿ ಸುತ್ತಲು ಬಂದವರನ್ನು ಬೈದು ಕಳಿಸು. ಬಿಗಿ ತೋಳಿನ ರವಿಕೆ ಹಾಕಬೇಡ, ಬಳೆ ಬೇಡ, ದಾರ ಬೇಡ. ತರಕಾರಿ ಹೆಚ್ಚಿ ನೀರಲ್ಲಿ ನೆನೆಸಿ, ಬೇಯಿಸಿದ ನೀರು ಚೆಲ್ಲಿ, ಆಮೇಲೆ ಒಗ್ಗರಣೆ. ದಿನದ ನೀರು ಒಂದೇ ಬಾಟಲಿಯಲ್ಲಿ, ಅದು ಖಾಲಿಯಾದರೆ ಖಾಲಿ. ದಾಹಕ್ಕೆ ಬಾಯಿ ಮುಕ್ಕಳಿಸಿ ಉಗಿ, ನಿಂಬೆಹೋಳು ನಾಲಿಗೆಗೆ ಒತ್ತು. ಒಣಮೀನಿನ ವಾಸನೆ ಬೇಕಾದರೆ ನೋಡು, ಬಾಯಿಗಿಡಬೇಡ.

ದಿನಾ ರಾತ್ರಿ ಬರುವಳು. ಚಾಮಂತಿಯ ಮೊಣಕೈಗೆ ಕಿವಿ ಒತ್ತಿ, ಸದ್ದಿನ ಜೊತೆಗೆ ತ್ಚು... ತ್ಚು... ಎಂದು ನಾಲಿಗೆ ಲೊಚಗುಟ್ಟುವಳು. "ಹೂಂ, ನಿನ್ನ ದುಂಬಿ ಬದುಕಿದೆ. ಮಲ್ಕೋ" ಎಂದು ಹೇಳಿ ಹೋಗುವಳು. ಅವಳ ಕಿವಿಯಲ್ಲಿ ಏಳು ಕಲ್ಲಿನ ಓಲೆ. ನಡುವೆ ಒಂದು, ಸುತ್ತ ಆರು. ಸುತ್ತಿನದರಲ್ಲಿ ಒಂದು ಕಲ್ಲು ಯಾವತ್ತೋ ಉದುರಿತ್ತು. ಅವಳು ತಲೆ ಎತ್ತಿದ ಮೇಲೆ ಚಾಮಂತಿಯ ಚರ್ಮದ ಮೇಲೆ ಓಲೆಯ ಗುರುತು ಬಿದ್ದಿರುತ್ತಿತ್ತು.

"ಪಿನ್ನೀ, ನನ್ನ ಕೈ ಏನು ಪೋಸ್ಟಾಫೀಸಾ, ದಿನಾ ಬಂದು ಮುದ್ರೆ ಒತ್ತೋಕೆ?" ಎಂದು ಚಾಮಂತಿ ಚಿಕ್ಕಮ್ಮನ ಸಲಿಗೆಯಿಂದ ಕೇಳುವಳು.

"ಮುದ್ರೆ ಬಿದ್ರೇನೇ ಕಣೆ ಕಾಗದ ಊರು ಮುಟ್ಟೋದು."

ಅಂಥ ಕೂರ್ಮಮ್ಮ ಸತ್ತಳು. ಮಗಳು ವಿಶಾಖಪಟ್ಟಣದಿಂದ ಬಂದು ಅತ್ತು, ತಾಯಿಯ ಓಲೆ ಬಿಚ್ಚಿಕೊಂಡು ವಾಪಸ್ಸು ಹೋದಳು. ಅವತ್ತಿನಿಂದ ಕೈಗೆ ಕಿವಿ ಇಡುವ ಕೆಲಸ ದಿಲ್ಲೇಶನೊಬ್ಬನದೇ ಆಯಿತು.

ಈಗ ಆ ಪಿಸುಮಾತು ಕೇಳಿದ ದಿಲ್ಲೇಶ ತಿರುಗಿ ನೋಡಲಿಲ್ಲ. ಓಡಿದ. ಚಪ್ಪಲಿ ಒಂದು ಕಡೆ, ಅವನೊಂದು ಕಡೆ. ಮನೆಯ ಹೊಸ್ತಿಲಲ್ಲಿ ಅವನ ತಾಯಿ ಪೋಲಮ್ಮ ಕಾಯುತ್ತ ಕೂತಿದ್ದಳು.

"ಅಮ್ಮಾ... ಬಾವಿ ಹತ್ರ... ಕೂರ್ಮಮ್ಮ ಪಿನ್ನಿ..."

ಪೋಲಮ್ಮ ಎದ್ದು ಅವನ ಬಾಯಿ ಮುಚ್ಚಿದಳು. "ಹೆಸರೆತ್ತಬೇಡ! ಏನಂದ್ಲು? ನನ್ನ ಕೇಳಿದ್ಲಾ?"

"ನಿನ್ನ ಯಾಕೆ ಕೇಳ್ತಾಳೆ? ಚಾಮಂತಿ ಕೈ ಸದ್ದು ಕೇಳಿದ್ಲು."

ಪೋಲಮ್ಮ ಹೊಸ್ತಿಲ ಮೇಲೆ ಕುಸಿದು ಕೂತಳು. "ಅವಳಿಗೆ ನನ್ನ ಸೊಸೆ ಬೇಕು..." ಎಂದಳು. "ನನ್ನ ಹೊಟ್ಟೆ ಉರಿಸೋಕೆ ಸೊಸೇನ ತಗೊಂಡು ಹೋಗ್ತಾಳೆ."

ಪೋಲಮ್ಮ, ಕೂರ್ಮಮ್ಮ ಓರಗೆಯವರು. ದಿನಕ್ಕೆರಡು ಸಲ ಜಗಳ, ಮೂರು ಸಲ ರಾಜಿ. ಗೆಳತಿ ಸತ್ತ ಮೇಲೆ ಪೋಲಮ್ಮ ಬಾವಿಯ ದಾರಿಯನ್ನೇ ಬಿಟ್ಟಿದ್ದಳು. ದುಃಖ ಎಂದು ಊರು ತಿಳಿದಿತ್ತು. ದಿಲ್ಲೇಶನೂ ಹಾಗೇ ತಿಳಿದು ಸುಮ್ಮನಾದ.

ಮಾರನೆಯ ದಿನ ಅವನು ಕೆಲಸಕ್ಕೆ ಹೋದ ಮೇಲೆ ನಡೆದದ್ದು ಅವನಿಗೆ ಗೊತ್ತಾದದ್ದು ಆಮೇಲೆ. ಪೋಲಮ್ಮ ಪಕ್ಕದ ಊರಿನ ಮಂತ್ರವಾದಿಯ ಹತ್ತಿರ ಹೋಗಿ ತಾಯತ ತಂದಳು. ಅರಿಶಿನದ ನೀರಲ್ಲಿ ಅದ್ದಿದ ದಪ್ಪ ದಾರ, ನಡುವೆ ತಾಮ್ರದ ಸುರುಳಿ. ಗಂಡಸರ ಕಿವಿಗೆ ಬೀಳಬಾರದು, ಬಿದ್ದರೆ ಶಕ್ತಿ ಹೋಗುತ್ತದೆ. ಹೆಂಗಸಾದರೆ ಎಡಗೈಗೇ ಕಟ್ಟಬೇಕು ಎಂದಿದ್ದನಂತೆ ಅವನು.

"ಅತ್ತೇ, ಈ ಕೈಗೆ ಏನೂ ಕಟ್ಟಬಾರದು ಅಂತ ಪಿನ್ನಿ ಹೇಳ್ತಿದ್ರಲ್ಲ..."

"ಅವಳಿಂದ ತಪ್ಪಿಸೋಕೇ ಅಲ್ವೇನೇ ಇದು! ಈಗ ಅವಳು ಪಿನ್ನಿಯಲ್ಲ."

"ಬಲಗೈಗೆ ಕಟ್ಟಿ ಅತ್ತೆ."

"ಅದು ಗಂಡಸರ ಕೈ. ಹೆಂಗಸು ಬಲಗೈಗೆ ಕಟ್ಟಿದ್ರೆ ದೆವ್ವಾನ ಕರೆದು ಮಣೆ ಹಾಕಿದ ಹಾಗೆ. ಸುಮ್ನಿರು, ಸಡಿಲ ಕಟ್ತೀನಿ. ಬೆರಳು ಆಡೋ ಹಾಗೆ."

ಪಾಪ, ಸಡಿಲವಾಗಿಯೇ ಕಟ್ಟಿದಳು. ರವಿಕೆಯ ತೋಳಿನೊಳಗೆ, ಕಂಕುಳ ಹತ್ತಿರ, ಯಾರಿಗೂ ಕಾಣದ ಹಾಗೆ. ಆದರೆ ದಾರ ಒಣಗುತ್ತ ಬಿಗಿಯಿತು. ಸೆಕೆ ತಡೆಯಲಾರದೆ ಅವತ್ತು ಚಾಮಂತಿ ಬಾಟಲಿ ಮುಗಿದ ಮೇಲೂ ಎರಡು ಲೋಟ ನೀರು ಕುಡಿದಿದ್ದಳು. ಮಿಷನ್ನಿಗೆ ಹೋಗುವುದು ಮಾರನೆಯ ಬೆಳಗ್ಗೆ. ಸಂಜೆಯ ಹೊತ್ತಿಗೆ ಮುಖ, ಪಾದ, ಕೈ, ಎಲ್ಲ ಊದಿಕೊಂಡವು.

ರಾತ್ರಿ ದಿಲ್ಲೇಶ ಬಂದಾಗ ಚಾಮಂತಿ ಮಂಚದ ಮೇಲೆ ಮಲಗಿದ್ದಳು. ಅವನು ಕೈ ತೊಳೆದು ಅವಳ ತೋಳಿನ ಕಡೆ ಬಗ್ಗಿದ.

"ಏಳಿಸಬೇಡ್ವೋ, ಈಗ ತಾನೇ ಕಣ್ಣು ಮುಚ್ಚಿದ್ಲು," ಪೋಲಮ್ಮ ಅಡ್ಡ ಬಂದಳು. "ಸಂಜೆ ನಾನೇ ಕೇಳಿದೀನಿ. ಜೋರಾಗಿದೆ ಸದ್ದು."

ಸುಳ್ಳು. ಅವಳು ಯಾವತ್ತೂ ಕೇಳಿದವಳಲ್ಲ. ಆ ಸದ್ದೆಂದರೆ ಅವಳಿಗೆ ಹೆದರಿಕೆ. ದಿಲ್ಲೇಶ ದಿನವೆಲ್ಲ ಸುಲಿದು ಹೈರಾಣಾಗಿದ್ದ. ಆಯಿತು ಎಂದು ಉಂಡು ನೆಲದ ಮೇಲೆ ಚಾಪೆ ಹಾಸಿ ಬಿದ್ದುಕೊಂಡ. ಹೆಂಡತಿಯ ಕೈಗೆ ಕಿವಿ ಇಡದೆ ಮಲಗಿದ್ದು ಅದೇ ಮೊದಲು.

ಎಷ್ಟು ಹೊತ್ತಾಗಿತ್ತೋ... ಎಚ್ಚರವಾಯಿತು.

ತ್ಚು... ತ್ಚು...

ಹಲ್ಲಿ ಅಂದುಕೊಂಡ. ಮತ್ತೆ ತ್ಚು... ಹಲ್ಲಿಯದು ಹೀಗಿರುವುದಿಲ್ಲ. ಕಣ್ಣು ಬಿಟ್ಟ. ಕರೆಂಟು ಹೋಗಿತ್ತು. ಕಿಟಕಿಯ ಮಬ್ಬು ಬೆಳಕಲ್ಲಿ ಮಂಚದ ಪಕ್ಕ ಒಂದು ಹೆಂಗಸು ಕೂತಿತ್ತು. ತಲೆ ಬಗ್ಗಿಸಿ, ಚಾಮಂತಿಯ ಮೊಣಕೈಗೆ ಕಿವಿ ಒತ್ತಿ. ಸೆರಗು ಒದ್ದೆ. ಟಪ್... ಟಪ್... ನೆಲಕ್ಕೆ ನೀರು ತೊಟ್ಟಿಕ್ಕುತ್ತಿತ್ತು.

"ಅಮ್ಮಾ?" ಎಂದು ಪಿಸುಗುಟ್ಟಿದ.

ಅಷ್ಟರಲ್ಲಿ ಅವನ ಬೆನ್ನ ಹಿಂದೆ, ಬಾಗಿಲ ಕಡೆಯಿಂದ, ಅವನ ತಾಯಿಯ ಗೊರಕೆ ಕೇಳಿತು. ಗೊರ್ರ್... ಪುಸ್... ಗೊರ್ರ್... ಪುಸ್...

ದಿಲ್ಲೇಶನ ಕೈಕಾಲು ಕಲ್ಲಾದವು. ಮಂಚದ ಪಕ್ಕದ ತಲೆ ನಿಧಾನ ಎದ್ದಿತು.

"ಸದ್ದಿಲ್ಲ ಕಣೋ, ನಾಯನಾ..."

ಅಷ್ಟೇ. ಆಮೇಲೆ ಯಾರೂ ಇಲ್ಲ. ನೆನೆದ ಹಗ್ಗದ ವಾಸನೆಯೊಂದು ಸ್ವಲ್ಪ ಹೊತ್ತು ಕೋಣೆಯಲ್ಲಿ ನಿಂತಿತ್ತು.

ಅವನು ತೆವಳಿಕೊಂಡೇ ಮಂಚಕ್ಕೆ ಹೋದ. ಮೊಣಕೈಗೆ ಕಿವಿ ಇಟ್ಟ. ಏನೂ ಇಲ್ಲ. ಜಾಗ ಬದಲಿಸಿ ಇಟ್ಟ. ಇಲ್ಲ. ಉಸಿರು ಹಿಡಿದು ಕೇಳಿದ. ತನ್ನ ಎದೆಯೇ ಡಬಡಬ ಹೊಡೆದುಕೊಳ್ಳುತ್ತಿತ್ತು, ಅವಳ ಕೈ ಮಾತ್ರ ಕಟ್ಟಿಗೆಯ ಹಾಗೆ ಸುಮ್ಮನಿತ್ತು. ಬೆರಳುಗಳು ತಣ್ಣಗಿದ್ದವು.

ದೆವ್ವದ ಹೆದರಿಕೆ ಎಲ್ಲಿ ಹೋಯಿತೋ ಅವನಿಗೇ ಗೊತ್ತಿಲ್ಲ. ಅದಕ್ಕಿಂತ ದೊಡ್ಡದು ಎದೆಗೆ ಬಂದು ಕೂತಿತ್ತು.

"ಯಾಕೆ ಮಾವ?" ಗಂಡನನ್ನು ಮಾವ ಎಂದೇ ಕರೆಯುತ್ತಿದ್ದ ಚಾಮಂತಿ ಕಣ್ಣು ಬಿಟ್ಟಳು. ಅವನ ಮುಖ ನೋಡಿದಳು. "ದುಂಬಿ... ಇಲ್ವಾ?"

"ಇದೆ. ಸುಮ್ನೆ ಮಲ್ಕೋ. ಇದೆ."

"ನಂಗೆ ಸುಳ್ಳು ಹೇಳಬೇಡ ಮಾವ."

ಅವನು ಮೊಬೈಲಿನ ದೀಪ ಹಚ್ಚಿ ಕೈ ಸವರುತ್ತ ಮೇಲೆ ಹೋದ. ರವಿಕೆಯ ತೋಳಿನೊಳಗೆ ಬೆರಳಿಗೆ ದಾರ ಸಿಕ್ಕಿತು. ಊದಿದ ಮಾಂಸದೊಳಗೆ ಕಚ್ಚಿಕೊಂಡು ಕೂತಿತ್ತು.

"ಯಾರು... ಯಾರು ಕಟ್ಟಿದ್ದು ಇದನ್ನ?"

ಪೋಲಮ್ಮ ಎದ್ದು ಓಡಿಬಂದು ಅವನ ಕೈ ಹಿಡಿದಳು. "ಬಿಚ್ಚಬೇಡ್ವೋ! ಕಾಲಿಗೆ ಬೀಳ್ತೀನಿ! ಬಿಚ್ಚಿದ್ರೆ ಅವಳು ಒಳಗೆ ಬರ್ತಾಳೆ!"

"ಬಂದಾಯ್ತಮ್ಮ! ಬಂದು ನೋಡ್ಕೊಂಡು ಹೋದ್ಲು! ನೀನು ಕಟ್ಟಿ ಮಲಗಿದ್ದೆ, ನಾನು ಕೇಳದೆ ಮಲಗಿದ್ದೆ!"

ಕುಡುಗೋಲಿನ ತುದಿ ತೂರಿಸಿ ದಾರ ಕೊಯ್ದ. ಪಟ್ ಎಂದಿತು. ಮತ್ತೆ ಕಿವಿ ಇಟ್ಟ. ಮೂರೂ ಜನ ಉಸಿರಾಡಲಿಲ್ಲ. ಕಡಲು ಮಾತ್ರ ತೋಪಿನಾಚೆ ಘೋ ಎನ್ನುತ್ತಿತ್ತು.

ಇಲ್ಲ... ಏನೂ ಇಲ್ಲ.

ದಿಲ್ಲೇಶ ಜೋಗಾರಾವಿಗೆ ಫೋನು ಮಾಡಿ ಬಾಯಿಗೆ ಬಂದದ್ದು ಹೇಳಿ ಅತ್ತ. ಅವನು ಲುಂಗಿಯಲ್ಲೇ ಆಟೋ ತಂದ. ಹಿಂದೆ ಚಾಮಂತಿಯನ್ನು ಮಲಗಿಸಿ, ಅವಳ ಕೈ ತೊಡೆಯ ಮೇಲಿಟ್ಟುಕೊಂಡು ದಿಲ್ಲೇಶ ಕೂತ. ಪೋಲಮ್ಮ ಮುಂದೆ, ಜೋಗಾರಾವಿನ ಪಕ್ಕ ಅರ್ಧ ಸೀಟಿನಲ್ಲಿ.

"ಮಾವ, ನಾನು ಹೋದ್ರೆ ಅತ್ತೇನ ಬೈಬೇಡ. ನಾನೂ ಹೂಂ ಅಂದಿದ್ದೆ," ಎಂದಳು ಚಾಮಂತಿ.

"ಬಾಯ್ಮುಚ್ಚು," ಎಂದ ದಿಲ್ಲೇಶ.

ಪಟ್ಟಣಕ್ಕೆ ಇರುವುದು ಒಂದೇ ದಾರಿ. ಬಾವಿಯ ಪಕ್ಕದ್ದು. ಅಲ್ಲಿಗೆ ಬರುತ್ತಿದ್ದಂತೆ, ಆಟೋದ ಟರಟರ ಸದ್ದಿನ ಮೇಲೂ ಕೇಳಿತು...

ಕಿರ್ರ್... ಕಿರ್ರ್...

"ನಿಲ್ಸೋ! ಆಟೋ ನಿಲ್ಸೋ!" ಪೋಲಮ್ಮ ಚೀರಿದಳು.

"ಪೆದ್ದಮ್ಮಾ, ಎಲ್ಲಿ ಬೇಕಾದ್ರೂ ನಿಲ್ಲಿಸ್ತೀನಿ, ಇಲ್ಲಿ ಬೇಡ!"

ಅವಳು ಹಾರಿಯೇಬಿಟ್ಟಳು. ಮುಗ್ಗರಿಸಿ ಬಿದ್ದು, ಎದ್ದು, ಬಾವಿಕಟ್ಟೆಗೆ ಹೋಗಿ ತಲೆ ಚಚ್ಚಿಕೊಂಡಳು. ಜೋಗಾರಾವು ಬ್ರೇಕು ಒತ್ತಿದ. ಗಡಿಬಿಡಿಯಲ್ಲಿ ಇಂಜಿನ್ನೂ ಆರಿಹೋಯಿತು.

"ಕೂರ್ಮೀ... ಏಯ್ ಕೂರ್ಮೀ... ಆ ದಿನ ಎಳನೀರು ಕೊಚ್ಚಿ ಕೊಟ್ಟೋಳು ನಾನು ಕಣೇ... ಯಾರಿಗೂ ಹೇಳಲಿಲ್ಲ. ದಾಹ ದಾಹ ಅಂತ ನೀನು ನೆಲ ಕೆರೀತಿದ್ದೆ. ನೋಡೋಕಾಗ್ಲಿಲ್ಲ ನಂಗೆ. ಬೇಡ ಅಂದೆ ನೀನು. ಎಳನೀರು ಕುಡಿದು ಸತ್ತೋರುಂಟೇನೇ ಅಂತ ನಾನೇ ಅಂದೆ... ಎರಡು ಕೊಟ್ಟೆ..."

ಅಮ್ಮ ಬಾವಿಯ ದಾರಿ ಬಿಟ್ಟದ್ದು ಯಾಕೆಂದು ದಿಲ್ಲೇಶನಿಗೆ ಆಗ ಗೊತ್ತಾಯಿತು. ಕಿಡ್ನಿ ಹೋದವರಿಗೆ ಎಳನೀರು ಆಗದು, ಅದರೊಳಗಿನ ಖನಿಜ ರಕ್ತದಲ್ಲಿ ಉಳಿದು ಎದೆಯನ್ನೇ ನಿಲ್ಲಿಸಿಬಿಡುತ್ತದೆ ಎಂದು ಸಿಸ್ಟರು ಸಾವಿರ ಸಲ ಹೇಳಿದ್ದಾರೆ. ಆದರೆ ತೆಂಗಿನ ನಾಡಿನಲ್ಲಿ ಹುಟ್ಟಿದವರಿಗೆ ಅದನ್ನು ನಂಬಿಸುವುದು ಹೇಗೆ? ಜ್ವರಕ್ಕೆ ಎಳನೀರು, ಬಿಸಿಲಿಗೆ ಎಳನೀರು, ಬಾಣಂತಿಗೆ, ಸಾಯುವವರ ಬಾಯಿಗೆ ಎಳನೀರು. ಅಮ್ಮನ ಹಾಲು ವಿಷ ಅಂದರೆ ನೀವು ನಂಬುತ್ತೀರಾ? ಪೋಲಮ್ಮ ಕೊಟ್ಟದ್ದು ಪ್ರೀತಿಗೆ. ಅವಳನ್ನು ಬೈಯುವುದು ಸುಲಭ, ನಾನಂತೂ ಬೈಯಲಾರೆ.

"ನನ್ನ ಕರ್ಕೊಂಡು ಹೋಗೇ... ಎಷ್ಟು ಬೇಕಾದ್ರೂ ಹಿಂಸೆ ಕೊಡು... ಆ ಮಗೂನ ಬಿಟ್ಬಿಡೇ, ಕೂರ್ಮೀ..."

ಕಿರ್ರ್... ಕಿರ್...

ರಾಟೆ ನಿಂತಿತು.

ಗಾಳಿಯಿಲ್ಲ. ಇಂಜಿನ್ನಿಲ್ಲ. ಪೋಲಮ್ಮನ ಬಿಕ್ಕೂ ನಿಂತಿತು. ಅಂಥ ನಿಶ್ಶಬ್ದ ಆ ದಾರಿಯಲ್ಲಿ ತಾನು ಹಿಂದೆ ಕಂಡಿಲ್ಲ, ಮುಂದೆಯೂ ಕಂಡಿಲ್ಲ ಅನ್ನುತ್ತಾನೆ ಜೋಗಾರಾವು. ಕತ್ತಲಲ್ಲಿ ದಿಲ್ಲೇಶ ಹೆಂಡತಿಯ ಮೊಣಕೈ ಎತ್ತಿ ಮತ್ತೊಂದು ಸಲ ಕಿವಿಗೆ ಹಚ್ಚಿಕೊಂಡ. ಆಸೆಯಿಂದಲ್ಲ. ಇನ್ನೇನು ಮಾಡಬೇಕೋ ತಿಳಿಯದೆ.

ಝ್...

ಉಸಿರು ಬಿಗಿಹಿಡಿದ.

ಝ್... ಝು... ಝುಂಯ್...

"ಜೋಗಾ!" ಎಂದು ಅರಚಿದ. "ಓಡಿಸೋ! ಓಡಿಸೋ! ಅಮ್ಮನ್ನ ಹತ್ತಿಸ್ಕೋ, ಓಡಿಸೋ!"

ಆಸ್ಪತ್ರೆ ಮುಟ್ಟಿದಾಗ ಬೆಳಕು ಹರಿಯುತ್ತಿತ್ತು. ಸಿಸ್ಟರು ಸ್ಟೆತಾಸ್ಕೋಪು ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ಡಾಕ್ಟರನ್ನು ಕರೆಸಿದರು. ಅವರೂ ಕೇಳಿದರು, ಯಂತ್ರ ಹಚ್ಚಿ ನೋಡಿದರು. ಹರಿವು ಇದೆ, ಮಿಷನ್ನಿಗೆ ಹಾಕಬಹುದು ಅಂದರು. ಪೋಲಮ್ಮ ಅಲ್ಲೇ ಗೋಡೆಗೆ ಒರಗಿ ಮುಖ ಮುಚ್ಚಿಕೊಂಡಳು.

ಸಿಸ್ಟರು ದಾರದ ಗಾಯ ನೋಡಿ ಮೂವರನ್ನೂ ನಿಲ್ಲಿಸಿ ಬೈದರು. ಕಡಿಮೆಯೇನೂ ಬೈಯಲಿಲ್ಲ. "ಬೆಳಗಿನ ತನಕ ಹಾಗೇ ಬಿಟ್ಟಿದ್ರೆ ಈ ಕೈ ಮುಗೀತಿತ್ತು. ನಿದ್ದೇಲಿದ್ದೋರಿಗೆ ಸದ್ದು ನಿಂತಿದ್ದು ಅದ್ಹೇಗೆ ಗೊತ್ತಾಯ್ತು?"

ದಿಲ್ಲೇಶ ಏನಂತ ಹೇಳಿಯಾನು?

ಸಿಸ್ಟರು ಸೂಜಿ ಹಾಕುವ ಮೊದಲು ಮೊಣಕೈ ಒರೆಸಲು ಹೋಗಿ ನಿಂತರು. "ಇನ್ನೊಂದು ಮಾತು. ರಾತ್ರಿ ಕಿವಿ ಇಟ್ಟು ಕೇಳ್ತಾರಲ್ಲ ನಿಮ್ಮ ಮನೆಯೋರು, ಅವರಿಗೆ ಹೇಳಿ. ಕೇಳೋದು ಒಳ್ಳೇದೇ, ಆದ್ರೆ ಓಲೆ ಬಿಚ್ಚಿಟ್ಟು ಕೇಳ್ಲಿ. ಚರ್ಮಕ್ಕೆ ಹೇಗೆ ಒತ್ತಿದೆ ನೋಡಿ."

ಪೋಲಮ್ಮ ಗಂಡ ಸತ್ತ ವರ್ಷವೇ ಓಲೆ ತೆಗೆದವಳು, ಅವಳ ಕಿವಿ ಬೋಳು. ದಿಲ್ಲೇಶನಂತೂ ಹುಟ್ಟಿದಾಗಿನಿಂದ ಓಲೆ ಹಾಕಿದವನಲ್ಲ. ಮನೆಯಲ್ಲಿ ಇನ್ನೊಬ್ಬರಿಲ್ಲ.

ಚಾಮಂತಿ ಮಾತ್ರ ಆ ಗುರುತನ್ನು ನೋಡಿ, ಬಲಗೈ ಬೆರಳಿನಿಂದ ಮೆಲ್ಲಗೆ ಮುಟ್ಟಿ, "ಪಿನ್ನೀ" ಎಂದಳಂತೆ.

ಸುಳ್ಳು ಅನ್ನುವವರು ನೇರಳಪುಟ್ಟುಗಕ್ಕೆ ಹೋಗಿ ಕೇಳಿ. ದಿಲ್ಲೇಶ ಹೇಳದಿದ್ದರೂ ಜೋಗಾರಾವು ಹೇಳುತ್ತಾನೆ. ಸಿಸ್ಟರು ಬದಿಗೆ ಸರಿದಾಗ ಅವನೂ ಬಗ್ಗಿ ನೋಡಿದ. ಹೊಸದಾಗಿ ಒತ್ತಿದ್ದು, ಇನ್ನೂ ಕೆಂಪಗಿತ್ತು. ನಡುವೆ ಒಂದು ಚುಕ್ಕೆ. ಸುತ್ತ ಐದು. ಆರನೆಯದು ಇರಬೇಕಾದ ಕಡೆ ಚರ್ಮ ನುಣ್ಣಗಿತ್ತು.